ರಾಯಚೂರಿಗೆ ಹೋಗೋದಾ? ಗಾಡಿ ಕೀಲಿ ಯಾರ ಹತ್ತಿರ ಅಂತ ಮೊದಲು ಹೇಳಿ

ಬೆಂಗಳೂರಿನಲ್ಲಿ ನಮ್ಮ ಕಡೆಯ ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ: “ಊರಿಗೆ ಹೋಗಿಬಿಡೋಣೇನಲೇ?” ಕೊಪ್ಪಳದವನು ತಲೆ ಆಡಿಸುತ್ತಾನೆ, ಯಾದಗಿರಿಯವನು ಬಾಡಿಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕುತ್ತಾನೆ, ಆಮೇಲೆ ಎಲ್ಲರೂ ಚಹಾ ಮುಗಿಸಿ ತಮ್ಮ ತಮ್ಮ ಟ್ರಾಫಿಕ್ಕಿಗೆ ಹೊರಡುತ್ತಾರೆ.

ಊರು ಅಂದರೆ ಇಲ್ಲಿ ನಿಜವಾದ ಊರಲ್ಲ. ನನ್ನ ಊರು ಮಾನ್ವಿ ತಾಲ್ಲೂಕಿನ ಕುರ್ಡಿ. ಅಲ್ಲಿ ಕೂತು ದಿನಕ್ಕೆ ಐದು ವಿಡಿಯೊ ಮೀಟಿಂಗ್ ಮಾಡೋದು ಕಷ್ಟ. ಹಾಗಾಗಿ ನಮ್ಮಂಥವರ ಬಾಯಲ್ಲಿ ‘ಊರಿಗೆ ಹೋಗೋದು’ ಅಂದರೆ ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡೋದು, ಬೇಕೆಂದಾಗ ಹಳ್ಳಿಗೆ ಹೋಗಿ ಬರೋದು. ನನ್ನ ಮಟ್ಟಿಗೆ ಅದು ರಾಯಚೂರು.

ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಇದು ಬರೀ ಮಾತಾಗಿ ಉಳಿದಿಲ್ಲ. ನನಗೆ 31, ಹೆಂಡತಿಗೆ 29, ಮಗಳಿಗೆ ಮೂರೂವರೆ. ಮುಂದಿನ ಜೂನ್‌ಗೆ ಮಗಳ ಶಾಲೆ. ಶಾಲೆಗೆ ಫೀಸು ಕಟ್ಟಿದ ಮೇಲೆ ಯಾವ ಊರಿನಲ್ಲಿದ್ದೀವೋ ಅಲ್ಲೇ ಬೇರು ಇಳಿದುಬಿಡುತ್ತೆ. ಆದ್ದರಿಂದ ತೀರ್ಮಾನ ಈ ವರ್ಷವೇ ಆಗಬೇಕಿತ್ತು. ನಾವು ಅದನ್ನು ಹೇಗೆ ಅಳೆದು ಸುರಿದು ನೋಡಿದೆವು ಅನ್ನೋದನ್ನು ಈ ಸಲದ ಅಂಕಣದಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡುವವರಿಗೆ ಒಂದೆರಡು ಸಂಗತಿಯಾದರೂ ಉಪಯೋಗಕ್ಕೆ ಬರಬಹುದು.

ಮೊದಲು ದುಡ್ಡಿನ ಲೆಕ್ಕ

ಎಲ್ಲರೂ ಮೊದಲು ಹೇಳೋದು ಬಾಡಿಗೆ. ನಿಜ, ಇಲ್ಲಿ ಹೊಸ ರೋಡ್ ಹತ್ತಿರದ ಎರಡು ಕೋಣೆ ಮನೆಗೆ ಮೆಂಟೇನೆನ್ಸ್ ಸೇರಿ 36,000 ಕೊಡುತ್ತೇವೆ. ಮಗಳ ಡೇಕೇರ್ 14,000. ಇಬ್ಬರ ಓಡಾಟ 7,000. ಒಟ್ಟು 57,000.

ರಾಯಚೂರಿನಲ್ಲಿ ಹೆಚ್ಚುಕಡಿಮೆ ಇಷ್ಟೇ ದೊಡ್ಡ ಮನೆ 13,000ಕ್ಕೆ ಸಿಗುತ್ತೆ. ಹಾಗಂತ 40,000 ಉಳಿಯಿತು ಅಂತ ಕುಣಿಯುವ ಹಾಗಿಲ್ಲ. ಅಲ್ಲಿ ಕಾರು ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ತಗೊಂಡರೂ ಕಂತು, ಪೆಟ್ರೋಲು, ಇನ್ಶೂರೆನ್ಸ್ ಸೇರಿ ತಿಂಗಳಿಗೆ 15,000. ಸ್ಕೂಟಿಯ ಪೆಟ್ರೋಲು 1,500. ಆಫೀಸಿಗೆ ತಿಂಗಳಿಗೆ ಮೂರು ದಿನ ಮುಖ ತೋರಿಸಬೇಕು, ರೈಲು ಮತ್ತು ಉಳಿದುಕೊಳ್ಳುವ ಖರ್ಚು 6,000. ಮಗಳ ಶಾಲೆ 4,000. ಒಂದು ಇಂಟರ್ನೆಟ್ ಕೈಕೊಟ್ಟರೆ ಇರಲಿ ಅಂತ ಎರಡನೇ ಕನೆಕ್ಷನ್ 1,000. ಕರೆಂಟ್ ಬಿಲ್ ವರ್ಷದ ಸರಾಸರಿ 2,500. ಗೃಹಜ್ಯೋತಿ ಇದೆಯಲ್ಲ ಅನ್ನಬೇಡಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು, ಮತ್ತು ರಾಯಚೂರಿನ ಏಪ್ರಿಲ್–ಮೇನಲ್ಲಿ ಎ.ಸಿ. ಹಾಕಿದ ಮನೆ 200ರೊಳಗೆ ನಿಲ್ಲೋದು ಕನಸಿನ ಮಾತು. ಎಲ್ಲ ಕೂಡಿದರೆ 43,000.

ಅಂದರೆ ಉಳಿಯೋದು 14,000.

ಇನ್ನೊಂದು ಸಾಲು ಬಾಕಿ ಇದೆ. ನನ್ನ ಹೆಂಡತಿ ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಸಂಬಳ 45,000. ಊರು ಬಿಟ್ಟರೆ ಜಿಎಸ್‌ಟಿ ರಿಟರ್ನ್ಸ್ ಫೈಲ್ ಮಾಡುವ ಕೆಲಸ ಮನೆಯಿಂದ ಮಾಡಬಹುದು, ಆದರೆ ಸಂಬಳ 27,000 ಅಂದರು. 18,000 ಖೋತಾ. ಉಳಿದ 14,000ವನ್ನು ಅದರಲ್ಲಿ ಕಳೆದರೆ ತಿಂಗಳಿಗೆ 4,000 ನಷ್ಟವೇ.

ಇದನ್ನು ಎಕ್ಸೆಲ್ ಶೀಟಿನಲ್ಲಿ ನೋಡಿದ ದಿನ ಇಬ್ಬರೂ ಸುಮ್ಮನೆ ಕೂತೆವು. ದುಡ್ಡಿಗಾಗಿ ಹೋಗುವುದಾದರೆ ಹೋಗಬೇಕಾಗೇ ಇಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹೋಗಬೇಕು ಅನ್ನೋದಕ್ಕೆ ದುಡ್ಡು ಬಿಟ್ಟು ಬೇರೆ ಕಾರಣ ಇದೆಯೇ ಅಂತ ಮಾತಾಡೋದು ಆಮೇಲೆಯೇ ಶುರುವಾದದ್ದು.

ಹತ್ತು ದಿನ, ಒಂದು ಪಟ್ಟಿ

ಹಬ್ಬಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದರೆ ಊರು ಹೇಗಿದೆ ಅಂತ ಗೊತ್ತಾಗಲ್ಲ. ಹಬ್ಬದ ಊರಿನಲ್ಲಿ ಎಲ್ಲವೂ ಚೆಂದ. ಅದಕ್ಕೇ ಈ ವರ್ಷ ಏಪ್ರಿಲ್‌ನಲ್ಲಿ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲೇ, ಹತ್ತು ದಿನ ಹೋಗಿ ಇದ್ದೆವು. ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಲೇ. ಮೊದಲ ಏಳು ದಿನ ಲಿಂಗಸುಗೂರು ರಸ್ತೆ ಕಡೆ ಹೊಸ ಬಡಾವಣೆಯಲ್ಲಿರುವ ನಮ್ಮ ಕಾಕಾನ ಮನೆ. ಆಮೇಲೆ ಮೂರು ದಿನ ಊರೊಳಗೆ, ನಿಜಲಿಂಗಪ್ಪ ಕಾಲೊನಿ ಕಡೆ ಇರುವ ಗೆಳೆಯನ ಮನೆ.

ಹೆಂಡತಿ ದಾವಣಗೆರೆಯವಳು. ಗಾಡಿ ಓಡಿಸಲ್ಲ. ಬೆಂಗಳೂರಿನಲ್ಲಿ ಅದರ ಅಗತ್ಯವೇ ಬಿದ್ದಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲಂತೂ ಹೊಸ ರೋಡಿನಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿಯುತ್ತಾಳೆ, ಯಾರ ಹಂಗೂ ಇಲ್ಲ. ಅದಕ್ಕೂ ಮೊದಲು ಬಿಎಂಟಿಸಿ ಬಸ್ಸು. ಬೆಂಗಳೂರಿನ ಟ್ರಾಫಿಕ್ಕನ್ನು ಬೈಯೋದು ಹೆಚ್ಚಾಗಿ ಸ್ಟಿಯರಿಂಗ್ ಹಿಡಿದವರು. ಹಿಡಿಯದವರಿಗೆ ಈ ಊರು ಸಿಟ್ಟು ಬರಿಸಿದರೂ ದಾರಿ ಕೊಡುತ್ತೆ.

ಆ ಹತ್ತು ದಿನ ಆಕೆ ಫೋನಿನಲ್ಲಿ ಒಂದು ಪಟ್ಟಿ ಮಾಡಿದಳು. ಮನೆಯಿಂದ ಹೊರಗೆ ಏನು ಕೆಲಸ ಬಿತ್ತು, ಹೇಗೆ ಹೋದೆ. ಅಷ್ಟೇ.

ಬಡಾವಣೆಯ ಏಳು ದಿನದಲ್ಲಿ 17 ಕೆಲಸ. ನಡೆದು ಹೋದದ್ದು 2. ಆಟೊದಲ್ಲಿ 4. ನಾನು ಬೈಕಿನಲ್ಲಿ ಬಿಟ್ಟು ಕರಕೊಂಡು ಬಂದದ್ದು 7. ಹೋಗೋಕೇ ಆಗದೆ ಬಿಟ್ಟದ್ದು 4. ನಾನು ಮೀಟಿಂಗಿನಲ್ಲಿದ್ದೆ, ಹೊರಗೆ ಮಟಮಟ ಮಧ್ಯಾಹ್ನ, ಆ್ಯಪಿನಲ್ಲಿ ಗಾಡಿ ಸಿಗಲಿಲ್ಲ, ರಸ್ತೆಗೆ ಹೋಗಿ ನಿಂತರೆ ಆಟೊ ಬರಲಿಲ್ಲ. ಆ ನಾಲ್ಕರಲ್ಲಿ ಒಂದು, ಜ್ವರ ಬಂದಿದ್ದ ಮಗಳಿಗೆ ಔಷಧ ತರೋದು. ಅದು ಸಂಜೆವರೆಗೂ ಕಾಯಿತು.

ಊರೊಳಗಿನ ಮೂರು ದಿನದಲ್ಲಿ 8 ಕೆಲಸ. ನಡೆದು 6, ಆಟೊ 1, ನನ್ನ ಬೈಕು 1. ಬಿಟ್ಟದ್ದು ಒಂದೂ ಇಲ್ಲ.

ವಾಪಸ್ ಬರುವ ರೈಲಿನಲ್ಲಿ ಪಟ್ಟಿ ನನ್ನ ಕೈಗೆ ಕೊಟ್ಟು ಅಂದಳು: “ರೀ, ಅಲ್ಲಿಗೆ ಹೋದರೆ ನಿಮಗೆ ನಿಮ್ಮೂರು ಸಿಗುತ್ತೆ, ಅಪ್ಪ–ಅವ್ವ ಸಿಗ್ತಾರೆ. ನನಗೆ ಹೊರಗೆ ಹೋಗೋಕೆ ನಿಮ್ಮ ಮೀಟಿಂಗ್ ಮುಗಿಯಬೇಕು.”

ಇದಕ್ಕೆ ಥಟ್ಟನೆ ಉತ್ತರ ಇರಲಿಲ್ಲ.

2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ ಎರಡೂ ಕಾಲು ಲಕ್ಷ ದಾಟಿತ್ತು. ಈಚೆಗೆ ನಗರಸಭೆ ಹೋಗಿ ಮಹಾನಗರ ಪಾಲಿಕೆಯೂ ಆಯಿತು. ಹಳೆಯ ಊರು ಕೋಟೆಯ ಸುತ್ತ ಬೆಳೆದದ್ದು. ಕೋಟೆಗೋಡೆಯ ಶಾಸನ 1294ರದು. ತೀನ್ ಕಂದೀಲ್, ಗಂಜ್, ಸ್ಟೇಷನ್ ರಸ್ತೆ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ಕಾಲಿದ್ದವರು ಓಡಾಡಬಹುದಾದ ಊರು ಅದು. ಈಗಿನ ರಾಯಚೂರು ಬೆಳೆಯುತ್ತಿರೋದು ಅಲ್ಲಿ ಅಲ್ಲ, ಹೊರಗೆ ಹೋಗುವ ರಸ್ತೆಗಳ ಗುಂಟ. ಮಂತ್ರಾಲಯ ರಸ್ತೆ, ಲಿಂಗಸುಗೂರು ರಸ್ತೆ, ಹೈದರಾಬಾದ್ ರಸ್ತೆ. ಗದ್ದೆ, ಹೊಲ ಸೈಟಾಗಿ, ಸೈಟು ಮನೆಯಾಗಿ, ಮನೆ ಮುಂದೆ ಎರಡು ಗಾಡಿ ನಿಂತಿವೆ. ಮನೆ ಮೊದಲು ಬಂತು, ಕಿರಾಣಿ ಅಂಗಡಿ ಆಮೇಲೆ, ಬಸ್ಸು ಇನ್ನೂ ಆಮೇಲೆ. ಮೂರ್ನಾಲ್ಕು ಕಿಲೋಮೀಟರ್ ದೂರ ಬೈಕಿದ್ದವನಿಗೆ ಹತ್ತು ನಿಮಿಷ. ಬೈಕಿಲ್ಲದವರಿಗೆ ಅದೇ ದೂರ ಅರ್ಧ ದಿನದ ಕೆಲಸ.

ಸಣ್ಣ ಊರಿನಲ್ಲಿ ಎಲ್ಲವೂ ಹತ್ತು ನಿಮಿಷ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಮಾತು ಹೇಳುವವರ ಜೇಬಿನಲ್ಲಿ ಯಾವಾಗಲೂ ಒಂದು ಗಾಡಿ ಕೀಲಿ ಇರುತ್ತೆ.

ನೀರು, ಕರೆಂಟು, ಆಸ್ಪತ್ರೆ

ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಎರಡು ನದಿಗಳ ನಡುವಿನ ಜಿಲ್ಲೆಯಲ್ಲಿ ನೀರಿನ ಚಿಂತೆ ಯಾಕೆ ಅನ್ನಬಹುದು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಸಣ್ಣ ಮಗು ಇರುವ ಮನೆಯವರು ಇದನ್ನು ಮರೆತು ಮನೆ ಹುಡುಕೋಕಾಗಲ್ಲ. ಮನೆ ನೋಡಲು ಹೋದಾಗ ನಾವು ಮೊದಲು ಕೇಳಿದ್ದೇ ನಳದ ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕ್ ತೊಳೆದದ್ದು ಯಾವಾಗ ಅಂತ. ಹಾಲ್ ಎಷ್ಟು ದೊಡ್ಡದು ಅಂತ ಆಮೇಲೆ.

ಕರೆಂಟಿನದು ದೀಪದ ಬುಡದಲ್ಲಿ ಕತ್ತಲು ಅನ್ನುವ ಗಾದೆಯ ಕಥೆ. ಶಕ್ತಿನಗರದ ಆರ್‌ಟಿಪಿಎಸ್ 1720 ಮೆಗಾವಾಟ್, ಯರಮರಸ್ಸಿನ ವೈಟಿಪಿಎಸ್ 1600 ಮೆಗಾವಾಟ್. ಎರಡೂ ರಾಯಚೂರಿನ ಮಗ್ಗುಲಲ್ಲೇ. ರಾಜ್ಯಕ್ಕೆಲ್ಲ ಬೆಳಕು ಕೊಡುವ ಊರಿನಲ್ಲಿ ನಾವಿದ್ದ ಹತ್ತು ದಿನದಲ್ಲಿ ಮೂರು ಸಲ ಕೆಲಸದ ಹೊತ್ತಿನಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಇದ್ದ ಕಾರಣ ಮೀಟಿಂಗ್ ಉಳಿಯಿತು. ಎ.ಸಿ. ಉಳಿಯಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಸ್ಕ್ರೀನ್ ಶೇರ್ ಮಾಡೋದು ಹೇಗಿರುತ್ತೆ ಅಂತ ಕ್ಯಾಮೆರಾ ಆಫ್ ಇದ್ದದ್ದಕ್ಕೆ ಯಾರಿಗೂ ಗೊತ್ತಾಗಲಿಲ್ಲ.

ಆಸ್ಪತ್ರೆ ವಿಷಯದಲ್ಲಿ ಮೊದಲಿನ ಹಾಗಿಲ್ಲ. 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, ಖಾಸಗಿ ವೈದ್ಯಕೀಯ ಕಾಲೇಜೂ ಇದೆ. ಆದರೂ ಕಾಯಿಲೆ ದೊಡ್ಡದು ಅಂದ ಕೂಡಲೇ ನಮ್ಮ ಜನ ಹೈದರಾಬಾದಿಗೆ ಗಾಡಿ ಮಾಡುತ್ತಾರೆ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಸಾವಿರ ದಿನ ಜನ ಸುಮ್ಮನೆ ಬಯಲಲ್ಲಿ ಕೂರಲ್ಲ. ಒಂದೊಂದು ಮನೆಯಲ್ಲೂ ಹೈದರಾಬಾದ್ ದಾರಿಯ ಒಂದು ರಾತ್ರಿಯ ನೆನಪಿದೆ.

ಕೆಲಸ ಹೋದರೆ?

ಇದು ನಮ್ಮಂಥ ಐಟಿಯವರ ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ. ಬೆಂಗಳೂರಿನಲ್ಲಿ ಕೆಲಸ ಹೋದರೆ ಪಕ್ಕದ ಟೆಕ್ ಪಾರ್ಕಿಗೆ ನಡೆಯಬಹುದು. ರಾಯಚೂರಿನಲ್ಲಿ 2019ರಲ್ಲಿ ಆರಂಭವಾದ ಐಐಐಟಿ ಇದೆ, ಅಲ್ಲಿಂದ ಓದಿ ಹೊರಬರುವ ಹುಡುಗರಿದ್ದಾರೆ. ಆದರೆ ಅವರಿಗೂ ಕೆಲಸ ಹುಡುಕಲು ರೈಲು ಹತ್ತಬೇಕು. ಬೆಂಗಳೂರಿನಾಚೆ ಐಟಿ ಬೆಳೆಸಬೇಕು ಅನ್ನುವ ಸರ್ಕಾರದ ಮಾತು ಮೊದಲು ಮುಟ್ಟಿದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗೆ. ನಮ್ಮ ಪಾಳಿ ಇನ್ನೂ ಬರಬೇಕು.

ಮನೆಯಿಂದ ಕೆಲಸ ಅನ್ನೋದೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಟಿಸಿಎಸ್ 2023ರ ಅಕ್ಟೋಬರಿನಿಂದ ಎಲ್ಲರನ್ನೂ ವಾರಕ್ಕೆ ಐದು ದಿನ ಆಫೀಸಿಗೆ ಕರೆಯಿತು. ಅಮೆಜಾನ್ 2025ರ ಜನವರಿಯಿಂದ ಅದನ್ನೇ ಮಾಡಿತು. ನಾನಿರುವುದು ಸಣ್ಣ ಕಂಪನಿ, ಮ್ಯಾನೇಜರ್ ಒಳ್ಳೆಯವರು. ಆದರೆ ಒಳ್ಳೆಯ ಮ್ಯಾನೇಜರ್ ಕೂಡ ನಾಳೆ ಕೆಲಸ ಬದಲಿಸಬಹುದು. ಹಾಗಾಗಿ ನಾವು ಎರಡು ಕೆಲಸ ಮಾಡಿದೆವು. ತಿಂಗಳಿಗೆ ಮೂರು ದಿನ ಆಫೀಸು ಅನ್ನೋದನ್ನು ಎಚ್‌ಆರ್ ಹತ್ತಿರ ಬರವಣಿಗೆಯಲ್ಲಿ ತಗೊಂಡೆ. ಜೊತೆಗೆ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಹೊರಡಬಾರದು ಅಂತ ಇಬ್ಬರೂ ಒಪ್ಪಿಕೊಂಡೆವು.

ದಾರಿ ಮಾತ್ರ ಮೊದಲಿಗಿಂತ ಹತ್ತಿರವಾಗಿದೆ. 2024ರ ಮಾರ್ಚ್‌ನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರಾಯಚೂರಿನಲ್ಲಿ ನಿಲ್ಲುತ್ತೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ಬೈಯಪ್ಪನಹಳ್ಳಿಯ ಟರ್ಮಿನಲ್. ಉದ್ಯಾನ್, ಬಸವ ಎಕ್ಸ್‌ಪ್ರೆಸ್‌ಗಳಂತೂ ನಮ್ಮ ಕಾಲೇಜು ದಿನಗಳಿಂದಲೂ ಇವೆ.

ಅವ್ವ ಹೇಳಿದ್ದು

ಇಷ್ಟೆಲ್ಲ ಕೂಡಿ ಕಳೆದ ಮೇಲೂ ಹೋಗಬೇಕು ಅಂತ ಯಾಕನ್ನಿಸುತ್ತೆ? ಕುರ್ಡಿಯ ಕಾರಣಕ್ಕೆ.

ಅಪ್ಪನಿಗೆ 66. ಮೂವತ್ತು ವರ್ಷ ಒಂದಲ್ಲ ಒಂದು ಬೈಕ್ ಓಡಿಸಿದ ಮನುಷ್ಯ. ಬೀಜ ತರಲು, ಗೊಬ್ಬರ ತರಲು, ಹತ್ತಿಯ ರೇಟು ಕೇಳಲು, ಮದುವೆಗೆ, ಮಣ್ಣಿಗೆ ಎಲ್ಲದಕ್ಕೂ ಬೈಕೇ. ಕಾಲುವೆಗೆ ನೀರು ಬರುತ್ತೋ ಇಲ್ಲವೋ ಅಂತ ನೋಡಲೂ ಬೈಕೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ತಾಲ್ಲೂಕಿನ ರೈತರ ಎದೆ ಹೇಗೆ ಹೊಡೆದುಕೊಂಡಿತು ಅಂತ ಬೇರೆ ಹೇಳಬೇಕಿಲ್ಲ. ಆ ವಾರ ಅಪ್ಪ ದಿನಕ್ಕೆರಡು ಸಲ ಗಾಡಿ ತೆಗೆದಿದ್ದ. ಆಮೇಲೆ ಕಣ್ಣಿಗೆ ಪೊರೆ, ಆಪರೇಷನ್, ಒಂದು ಸಲ ಬಿದ್ದು ಮೊಣಕಾಲು. ಡಾಕ್ಟರು ಗಾಡಿ ಬೇಡ ಅಂದರು. ಈಗ ಬೈಕು ಕಟ್ಟೆಯ ಪಕ್ಕ ತಾಡಪತ್ರಿ ಹೊದ್ದು ನಿಂತಿದೆ. ಔಷಧಕ್ಕೆ ಮಾನ್ವಿಗೋ ರಾಯಚೂರಿಗೋ ಹೋಗಬೇಕಾದರೆ ಬಸ್ಸು ಕಾಯಬೇಕು, ಇಲ್ಲ ಮಗ್ಗುಲ ಮನೆಯ ಹುಡುಗನನ್ನು ಕೇಳಬೇಕು. ಕೇಳಿ ಅಭ್ಯಾಸ ಇಲ್ಲದ ಮನುಷ್ಯ ಕೇಳಲ್ಲ, ಗುಳಿಗೆ ಮುಗಿದರೂ ಎರಡು ದಿನ ಸುಮ್ಮನಿರುತ್ತಾನೆ.

ಬಡಾವಣೆಯಲ್ಲಿ ನನ್ನ ಹೆಂಡತಿಗೆ ಏಳು ದಿನ ಆದದ್ದೂ, ಊರಲ್ಲಿ ಅಪ್ಪನಿಗೆ ದಿನಾ ಆಗುತ್ತಿರೋದೂ ಒಂದೇ. ಗಾಡಿ ಕೀಲಿ ಬೇರೆಯವರ ಜೇಬಿನಲ್ಲಿದ್ದರೆ ನಮ್ಮ ದಿನವೂ ಅವರ ಜೇಬಿನಲ್ಲೇ. ಇದನ್ನು ಮೊದಲು ಹೇಳಿದವಳು ಆಕೆಯೇ. “ಮಾವನ ಕಷ್ಟ ನನಗೆ ಈಗ ತಿಳೀತು” ಅಂದಳು.

ಬರುತ್ತೇವೆ ಅಂತ ಫೋನ್ ಮಾಡಿದರೆ ಅವ್ವ ಸಂತೋಷದಿಂದ ಕುಣಿಯಲಿಲ್ಲ. “ಬರೂದಾದ್ರ ನಿಮ್ಮ ಸಲುವಾಗಿ ಬರ್ರಿ. ನಮ್ಮ ಸಲುವಾಗಿ ಅಂತ ಬರಬ್ಯಾಡ್ರಿ. ಹಿಂದಾಗಡೆ ಏನರ ಆದ್ರ ನಮ್ಮ ಮ್ಯಾಲ ಹಾಕ್ತೀರಿ.” ಅಪ್ಪನದು ಇನ್ನೂ ಚುಟುಕು: “ಇಲ್ಲಿ ಏನೈತಿ ಅಂತ ಬರ್ತೀಯೋ ತಮ್ಮ?” ಕಾಕಾನ ಮನೆಯ ಎದುರಿನವರು ಕೇಳಿದ್ದಂತೂ ನೇರ: “ಯಾಕಪಾ, ನೌಕರಿ ಹೋತೇನು?” ಬೆಂಗಳೂರಿನಿಂದ ವಾಪಸ್ ಬಂದವನೆಂದರೆ ನಮ್ಮ ಕಡೆ ಇನ್ನೂ ಸೋತು ಬಂದವನೇ. ಇದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಅವ್ವನ ಮಾತು ನನಗೆ ಸರಿ ಅನ್ನಿಸಿತು. ತ್ಯಾಗ ಅಂತ ಹೊರಟರೆ ಮೊದಲ ಬೇಸಿಗೆಗೇ ಅದರ ಬಿಲ್ಲು ಯಾರಿಗಾದರೂ ಹೋಗುತ್ತೆ, ಅಪ್ಪ–ಅವ್ವನಿಗೋ, ಹೆಂಡತಿಗೋ. ನನಗೆ ನಿಜವಾಗಿ ಬೇಕಿರೋದು ಏನು ಅಂತ ಕೇಳಿಕೊಂಡೆ. ಭಾನುವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಕುರ್ಡಿಗೆ ಹೋಗಿ, ಮಂಡಾಳು ಒಗ್ಗರಣೆ, ಮಿರ್ಚಿ ತಿಂದು, ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊಲಕ್ಕೆ ಒಂದು ಸುತ್ತು ಹಾಕಿ, ಸಂಜೆ ಮನೆಗೆ ಬರೋದು. ಮಗಳು ಅಜ್ಜನನ್ನು ವರ್ಷಕ್ಕೆ ಹತ್ತು ದಿನದ ನೆಂಟನಾಗಿ ನೋಡಬಾರದು ಅನ್ನೋದು. ಇದು ತ್ಯಾಗವಲ್ಲ, ನನ್ನ ಆಸೆ. ಅದಕ್ಕೆ ತಿಂಗಳಿಗೆ 4,000 ಕೊಡಬಹುದು.

ನಮ್ಮ ಹನ್ನೊಂದು ತಿಂಗಳ ಕರಾರು

ಆದರೆ ನನ್ನ ಆಸೆಗೆ ಹೆಂಡತಿಯ ಓಡಾಟ ಒತ್ತೆ ಇಡೋಕಾಗಲ್ಲ. ಹಾಗಾಗಿ ಮನೆ ಬಾಡಿಗೆ ಕರಾರಿನಂತೆ ನಾವೂ 11 ತಿಂಗಳಿಗೆ ಒಂದು ಕರಾರು ಮಾಡಿಕೊಂಡಿದ್ದೇವೆ. ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ.

ಒಂದು, ಮನೆ ಊರೊಳಗೇ. ಬಡಾವಣೆಯಲ್ಲಿ 11,000ಕ್ಕೆ ಸ್ವತಂತ್ರ ಮನೆ ಇತ್ತು. ಮುಂದೆ ಬೇವಿನ ಮರ, ಕಾರು ನಿಲ್ಲಿಸಲು ಜಾಗ, ಮೇಲೆ ಟೆರೇಸು. ಊರೊಳಗಿನದು 13,000, ಮೊದಲ ಮಹಡಿ, ಕಾರು ರಸ್ತೆಯಲ್ಲೇ ನಿಲ್ಲಬೇಕು. ಆದರೆ ಔಷಧದಂಗಡಿ, ತರಕಾರಿ, ಮಕ್ಕಳ ಡಾಕ್ಟರು, ಮಗಳಿಗೆ ನೋಡಿರುವ ಶಾಲೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಬೇವಿನ ಮರದ ಆಸೆ ನನ್ನದಿತ್ತು, ಬಿಟ್ಟಿದ್ದೇನೆ.

ಎರಡು, ಹೊರಡುವ ಮೊದಲು ಆಕೆಯ ಕೈಗೆ ಡಿಎಲ್. ಎಲ್‌ಎಲ್‌ಆರ್ ಆಗಿದೆ. ಅದಾದ 30 ದಿನದ ಮೇಲೆ ಟೆಸ್ಟ್ ಕೊಡಬಹುದು, ಆರು ತಿಂಗಳವರೆಗೆ ಸಮಯ ಇದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಸ್ಕೂಟಿ ಕಲಿಯುತ್ತಿದ್ದಾಳೆ. ಸ್ಕೂಟಿ ಆಕೆಯ ಹೆಸರಿನಲ್ಲೇ. ನಾನು ಹಾಲು ತರಲು ಬೇಕೆಂದರೆ ಕೇಳಿ ತಗೊಳ್ಳಬೇಕು.

ಮೂರು, ಅಪ್ಪನ ಔಷಧ, ತಪಾಸಣೆಗೆ ತಿಂಗಳಿಗೆ ಎರಡು ದಿನ ಕಾರು ಕುರ್ಡಿಗೆ ಮೀಸಲು. ದಿನಾಂಕ ಅಪ್ಪನೇ ಹೇಳಬೇಕು. ಬಿಡುವಿದ್ದರೆ ಬರುತ್ತೇನೆ ಅಂತ ನಾನು ಹೇಳೋದಿಲ್ಲ, ಹೊಲದ ಕೆಲಸ ನೋಡಿಕೊಂಡು ನಾಳೆ ಬಾ ಅಂತ ಆತ ಹೇಳಬೇಕು. ಇದನ್ನು ಒಪ್ಪಿಸಲು ಇನ್ನೂ ಫೋನಿನಲ್ಲಿ ಜಗ್ಗಾಟ ನಡೆದಿದೆ.

ನಾಲ್ಕು, ಹನ್ನೊಂದನೇ ತಿಂಗಳು ಮುಂದುವರಿಯೋದೋ ವಾಪಸ್ ಬರೋದೋ ಅಂತ ಹೇಳುವವಳು ಆಕೆ. ನಾನು ವಾದ ಮಾಡಬಹುದು, ತೀರ್ಪು ಕೊಡುವಂತಿಲ್ಲ.

ಇದು ಸರಿಯಾದ ತೀರ್ಮಾನವೇ ಅಂತ ಈಗ ಹೇಳೋದು ಕಷ್ಟ, ಮುಂದಿನ ಮೇ ತಿಂಗಳ ಬಿಸಿಲು ಹೇಳುತ್ತೆ. ನಿಮ್ಮಲ್ಲೂ ಹೋಗೋಣ್ವಾ ಬೇಡ್ವಾ ಅನ್ನುವ ಮಾತು ನಡೆದಿದ್ದರೆ ನನ್ನದು ಒಂದೇ ಸಲಹೆ. ಅದು ಹಾಸನವೋ, ವಿಜಯಪುರವೋ, ಬಳ್ಳಾರಿಯೋ ಆಗಿರಲಿ, ಬಾಡಿಗೆ ಲೆಕ್ಕ ಆಮೇಲೆ ಹಾಕಿ. ನಿಮ್ಮ ಮನೆಯಲ್ಲಿ ಗಾಡಿ ಓಡಿಸದವರು ಯಾರು ಅಂತ ಮೊದಲು ನೋಡಿ. ಅವರನ್ನು ಬೇಸಿಗೆಯಲ್ಲಿ ಹತ್ತು ದಿನ ಅಲ್ಲಿಗೆ ಕರಕೊಂಡು ಹೋಗಿ, ಅವರ ಪಟ್ಟಿಯನ್ನು ಓದಿ. ಗಾಡಿ ಓಡಿಸುವವರಿಗೆ ಎಲ್ಲ ಊರೂ ಚೆನ್ನಾಗಿಯೇ ಇರುತ್ತೆ.